ಅಡುಗೆಯವರ ಫೋಲ್ಡರ್

ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಮೂರನೆಯ ದಿನಕ್ಕೆ ಫೋಟೋ ಬೇಕು. ಹಾರ ಹಾಕಲು, ಊದುಬತ್ತಿ ಹಚ್ಚಲು ಎದುರಿಗೊಂದು ಮುಖ ಬೇಕಲ್ಲ. ಮಣ್ಣು ಮಾಡಿ ಬಂದ ಮಾರನೆಯ ದಿನವೇ ಮನೆಯವರು ಮಾನ್ವಿ ಬಸ್‌ಸ್ಟ್ಯಾಂಡಿನ ಹತ್ತಿರದ ನನ್ನ ಸ್ಟುಡಿಯೋಕ್ಕೆ ಬರುತ್ತಾರೆ, ಕೈಯಲ್ಲಿ ಆಧಾರ್ ಕಾರ್ಡು ಹಿಡಿದುಕೊಂಡು. ಆಧಾರ್ ಕಾರ್ಡಿನಲ್ಲಿ ಬದುಕಿದ್ದವರೇ ಹೆಣದ ಹಾಗೆ ಕಾಣುತ್ತಾರೆ, ಅದನ್ನು ದೊಡ್ಡದು ಮಾಡಿದರೆ ದೇವರೇ ಗತಿ. ಹಾಗಾಗಿ ಎಲ್ಲರೂ ಕೇಳುವುದು ಒಂದೇ ಮಾತು. ಇಂಥವರ ಮದುವೆಗೆ ನಮ್ಮಪ್ಪ ಹೋಗಿದ್ದ, ನಿಮ್ಮ ವಿಡಿಯೋದಲ್ಲಿ ಎಲ್ಲಾದರೂ ಸಿಕ್ಕಾನು, ಹುಡುಕಿ ಕೊಡ್ರಿ.

ಹುಡುಕುವುದೆಂದರೆ ಮೊದಲು ನನಗೆ ತಲೆನೋವು. ಮದುವೆಗಳ ವಿಡಿಯೋ ತುಂಬಿದ ಹಾರ್ಡ್‌ಡಿಸ್ಕುಗಳು ಮನೆಯ ಅಲಮಾರಿಯಲ್ಲಿ ಬಿದ್ದಿದ್ದವು. ಮದುವೆಗಳಲ್ಲಿ ಉಡಿ ತುಂಬಿದ ಕುಪ್ಪಸದ ಬಟ್ಟೆಗಳಲ್ಲಿ ನನ್ನ ಹೆಂಡತಿ ಅವನ್ನು ಸುತ್ತಿ ಇಟ್ಟಿದ್ದಳು. ಕೆಂಪು ಬಟ್ಟೆಯದು ಯಾವ ಸೀಸನ್ನು, ಹಸಿರಿನದು ಯಾವುದು ಎಂದು ಅವಳನ್ನೇ ಕೇಳಬೇಕು. ಅದರಲ್ಲಿ ಒಂದು ಡಿಸ್ಕು ಕೆಟ್ಟು ಕುಳಿತಾಗ ನನ್ನ ಎದೆ ಒಡೆಯಿತು. ರಾಯಚೂರಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ನನ್ನ ಹಳೆಯ ಗೆಳೆಯನ ಹತ್ತಿರ ಓಡಿದೆ. ಅವನು ಮನೆಯಲ್ಲಿ ದಖನಿ ಉರ್ದು ಮಾತಾಡಿದರೂ ನನ್ನನ್ನು ಬೈಯುವುದು ಅಪ್ಪಟ ಕನ್ನಡದಲ್ಲಿ. ಬೈದಾದ ಮೇಲೆ ಒಂದು ವ್ಯವಸ್ಥೆ ಮಾಡಿಕೊಟ್ಟ.

ವ್ಯವಸ್ಥೆ ಇಷ್ಟೇ. ಎಲ್ಲವನ್ನೂ ಒಂದು ದೊಡ್ಡ ಡಿಸ್ಕಿಗೆ ಇಳಿಸುವುದು, ಅದರ ಜೋಡಿ ಡಿಸ್ಕನ್ನು ರಾಯಚೂರಿನ ಅವನ ಅಂಗಡಿಯಲ್ಲಿ ಇಡುವುದು. ತಿಂಗಳಿಗೊಮ್ಮೆ ನಾನು ನನ್ನದನ್ನು ಬಸ್ಸಿನಲ್ಲಿ ಒಯ್ದು ಎರಡನ್ನೂ ಸರಿಸಮ ಮಾಡಿಕೊಂಡು ಬರುವುದು. ಮೇಲೆ ಒಂದು ಹುಡುಕುವ ತಂತ್ರಾಂಶ. ಊರ ಹೆಸರೋ ಫೋಲ್ಡರಿನ ಹೆಸರೋ ಬರೆದರೆ ಒಡನೆ ತೋರಿಸುತ್ತದೆ. ಒಂದು ಮುಖ ಕೊಟ್ಟರೆ ಅದೇ ಮುಖ ಇನ್ನೆಲ್ಲೆಲ್ಲಿ ಇದೆಯೋ ಹೆಕ್ಕಿ ಕೊಡುತ್ತದೆ. ಆದರೆ ಮುಖಗಳನ್ನು ಗುರುತು ಮಾಡಿಕೊಳ್ಳಲು ಅದಕ್ಕೆ ಕೆಲವು ದಿನ ಬೇಕು, ಡಿಸ್ಕಿನಲ್ಲಿ ಜಾಗವೂ ಬೇಕು.

ಜಾಗ ಸಾಲಲಿಲ್ಲ. ಗೆಳೆಯ ಸ್ಪಷ್ಟವಾಗಿ ಹೇಳಿದ್ದ, ಇನ್ನೊಂದು ಡಿಸ್ಕ್ ತಗೋ, ಎಲ್ಲಾ ಇಳಿಸ್ಕೋ, ಅಳಿಸೋದು ಆಮೇಲಿನ ಮಾತು ಎಂದು. ನಾನು ಆತುರಗೇಡಿ. ಹುಟ್ಟಿದ್ದೇ ಎಂಟು ತಿಂಗಳಿಗೆ ಎಂದು ನಮ್ಮವ್ವ ಅನ್ನುತ್ತಿದ್ದಳು. ಇದ್ದುದರಲ್ಲೇ ಕಸ ತೆಗೆದರೆ ಆಯಿತು ಎಂದುಕೊಂಡೆ.

ಪ್ರತಿ ಮದುವೆಯನ್ನೂ ನಾನು ಫೋಲ್ಡರ್ ಮಾಡಿ ಇಡುತ್ತೇನೆ: ಅರಿಷಿಣ, ಅಕ್ಷತೆ, ಊಟ, ಅಡುಗೆಯವರು. ಒಲೆಯ ಹೊಗೆ, ರೊಟ್ಟಿ ಬಡಿಯುವ ಹೆಂಗಸರು, ಪಾತ್ರೆ ತಿಕ್ಕುವವರು, ಎಲ್ಲವನ್ನೂ ತೆಗೆಯುತ್ತೇನೆ. ಆದರೆ ಕತ್ತರಿಸಿ ಜೋಡಿಸಿ ಮನೆಯವರಿಗೆ ಕೊಡುವ ಕೊನೆಯ ಸಿನಿಮಾದಲ್ಲಿ ಅವರ ಮುಖ ಬಂದರೆ ಬೀಗರು ಗೊಣಗುತ್ತಾರೆ. ನಮ್ಮ ಮಂದಿ ಬಿಟ್ಟು ಅಡುಗೆಯವರನ್ನ ಯಾಕ ತೋರಿಸೀರಿ ಎಂದು. ಹಾಗಾಗಿ ಬೇಯುವ ರೊಟ್ಟಿ, ಬಡಿಯುವ ಕೈ, ಅಷ್ಟು ಇಟ್ಟು ಮುಖ ಕತ್ತರಿಸುವುದು ನನಗೆ ರೂಢಿಯಾಗಿಬಿಟ್ಟಿತ್ತು. ಹೊಸ ಹುಡುಕಾಟದಲ್ಲಿ ನಾನು ಮೊಟ್ಟಮೊದಲು ಬರೆದ ಪದ ‘ಅಡುಗೆಯವರು’. ಎಲ್ಲ ಮದುವೆಗಳ ಅಡುಗೆಯವರೂ ಒಂದೇ ಸಲಕ್ಕೆ ಪರದೆಯ ಮೇಲೆ ಬಂದು ಸಾಲುಗಟ್ಟಿದರು. ಎಷ್ಟು ಸಲೀಸಾಯಿತಪ್ಪ ಎಂದು ಖುಷಿಪಟ್ಟೆ, ಎಲ್ಲವನ್ನೂ ಆರಿಸಿ ಅಳಿಸಿದೆ. ಆ ವಾರವೇ ರಾಯಚೂರಿಗೆ ಹೋಗಿ, ಗೆಳೆಯ ಗಿರಾಕಿಗಳ ಜೊತೆ ಇದ್ದಾಗ ನಾನೇ ಕೂತು ಎರಡು ಡಿಸ್ಕುಗಳನ್ನೂ ಸರಿಸಮ ಮಾಡಿದೆ. ಇಲ್ಲಿ ಇಲ್ಲದ್ದು ಅಲ್ಲಿಯೂ ಹೋಯಿತು. ಬಟ್ಟೆ ಸುತ್ತಿದ ಹಳೆಯ ಡಿಸ್ಕುಗಳನ್ನು ಆಗಲೇ ಖಾಲಿ ಮಾಡಿ ಮಾರಿಬಿಟ್ಟಿದ್ದೆ.

ಮುಂದೆ ಕೆಲವು ದಿನ ನನ್ನ ಕಾಲು ನೆಲದ ಮೇಲೆ ಇರಲಿಲ್ಲ. ಚೀಕಲಪರ್ವಿಯ ಒಂದು ಮನೆಯವರು ಅಜ್ಜನನ್ನು ಹುಡುಕಿಕೊಂಡು ಬಂದರು. ಯಾರದೋ ಮೆರವಣಿಗೆಯಲ್ಲಿ ತಲೆಗೆ ಪಟಗ ಸುತ್ತಿಕೊಂಡು, ಬಾಯಿತುಂಬ ಎಲೆಯಡಿಕೆ ಹಾಕಿಕೊಂಡು ನಿಂತಿದ್ದ ಅಜ್ಜ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಸಿಕ್ಕ. ಅವರು ನಕ್ಕರು, ಅತ್ತರು, ನನ್ನ ಕೈ ಹಿಡಿದುಕೊಂಡರು. ಪುಣ್ಯದ ಕೆಲಸ ಮಾಡುತ್ತಿದ್ದೇನೆ ಎಂದು ನಾನೂ ನಂಬಿದೆ.

ಆಮೇಲೆ ದೇವದುರ್ಗದಿಂದ ಒಬ್ಬರು ಟೀಚರಮ್ಮ ಬಂದರು. ತಾಯಿ ತೀರಿಕೊಂಡು ವರ್ಷವಾಗುತ್ತಾ ಬಂದಿತ್ತು, ಮುಂದಿನ ವಾರ ವರ್ಷದ ಪೂಜೆ. ಫೋನಿನಲ್ಲಿ ತಾಯಿಯ ಫೋಟೋಗಳಿದ್ದವಂತೆ, ಬಸ್ಸಿನಲ್ಲಿ ಫೋನೇ ಕಳುವಾಯಿತಂತೆ. ಆಧಾರಿನ ಫೋಟೋಕ್ಕೆ ಹಾರ ಹಾಕಿದರೆ ಅದು ನಮ್ಮವ್ವ ಅನ್ನಿಸುವುದೇ ಇಲ್ಲ, ನಗುವ ಮುಖ ಒಂದು ಸಿಕ್ಕರೆ ಸಾಕು ಎಂದರು. ತಾಯಿ ಯಾರ ಮದುವೆಗೆ ಹೋಗಿದ್ದರು ಎಂದು ಕೇಳಿದೆ. ಮದುವೆಗೆ ಹೋದವಳಲ್ಲ, ಮದುವೆ ಮನೆಗಳಲ್ಲಿ ರೊಟ್ಟಿ ಬಡಿದು ನನ್ನನ್ನು ಓದಿಸಿದವಳು ಎಂದರು. ದೇವದುರ್ಗದ ಒಂದು ದೊಡ್ಡ ಮದುವೆಯ ಗುರುತು ಹೇಳಿದರು. ನೀವೇ ಕ್ಯಾಮರಾ ಹಿಡಿದು ಬಂದಿದ್ದಿರಂತೆ, ಅವ್ವ ಮನೆಗೆ ಬಂದು ನಗ್ತಾ ಹೇಳಿದ್ದಳು ಎಂದರು.

ನನಗೆ ಅಲ್ಲೇ ನೆನಪಾಯಿತು. ಒಲೆಯ ಮುಂದೆ ಕೂತ, ಮುಂಗೈಗೆ ಹಚ್ಚೆ ಹಾಕಿಸಿಕೊಂಡ ಹೆಂಗಸು. ಕೈಯಿಂದ ಶುರುಮಾಡಿ ಕ್ಯಾಮರಾ ಮುಖದವರೆಗೆ ಎತ್ತಿದ್ದೆ.

ಸಿಗುವುದಿಲ್ಲ ಎಂದು ಗೊತ್ತಿದ್ದೂ ಆಧಾರಿನ ಮುಖ ಕೊಟ್ಟು ಹುಡುಕಿದ ನಾಟಕ ಮಾಡಿದೆ. ಯಾರ್ಯಾರೋ ಸೋದರತ್ತೆಯರು, ಚಿಕ್ಕಮ್ಮಂದಿರು ಪರದೆಯ ಮೇಲೆ ಬಂದರು. ಟೀಚರ್ ಒಂದೊಂದು ಮುಖವನ್ನೂ ಆಸೆಯಿಂದ ನೋಡಿ ತಲೆ ಅಲ್ಲಾಡಿಸಿದರು. ಆ ಮದುವೆಯ ಡಿಸ್ಕ್ ಕೆಟ್ಟಿದೆ, ರಾಯಚೂರಿಗೆ ಒಯ್ದು ನೋಡುತ್ತೇನೆ ಎಂದು ಸುಳ್ಳು ಹೇಳಿ ಕಳಿಸಿದೆ. ನಿಮ್ಮಿಂದ ಬಹಳ ಉಪಕಾರ ಆಯಿತು ಎಂದು ಅವರು ಕೈ ಮುಗಿದು ಹೋದರು. ಆ ಕೈ ಮುಗಿದದ್ದು ನನಗೆ ಚಪ್ಪಲಿಯಲ್ಲಿ ಹೊಡೆದ ಹಾಗಾಯಿತು.

ರಾಯಚೂರಿನಲ್ಲಿ ಗೆಳೆಯ ಎರಡೂ ಡಿಸ್ಕುಗಳನ್ನು ಬಗೆದು ನೋಡಿದ. ಅಳಿಸಿದ ಜಾಗದ ಮೇಲೆ ಆಗಲೇ ಹೊಸ ಮದುವೆಗಳು ಬಂದು ಕೂತಿದ್ದವು.

“ಎರಡು ಡಿಸ್ಕ್ ಯಾಕ ಇಟ್ಟಿದ್ವಿ ಲೇ?” ಎಂದ. “ಒಂದ್ರಾಗ ತಪ್ಪಾದ್ರ ಇನ್ನೊಂದ್ರಾಗ ಉಳೀಲಿ ಅಂತ. ನೀ ತಪ್ಪಿಗೂ ಎರಡು ಕಾಪಿ ಮಾಡಿಟ್ಟಿ.”

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುವುದು ನನ್ನಂಥವರನ್ನು ನೋಡಿಯೇ ಹೇಳಿದ್ದು. ಮಾನ್ವಿಗೆ ಬರುವ ಬಸ್ಸಿನಲ್ಲಿ ಡಿಸ್ಕು ತೊಡೆಯ ಮೇಲಿತ್ತು. ನಾಚಿಕೆಗೆ ಯಾರ ಮುಖವನ್ನೂ ನೋಡಲಾಗಲಿಲ್ಲ.

ವರ್ಷದ ಪೂಜೆಯ ಹಿಂದಿನ ದಿನ ಟೀಚರ್ ಮತ್ತೆ ಬಂದರು. ಬರಿಗೈಯಲ್ಲಿ ಕಳಿಸಲು ಮನಸ್ಸು ಬರಲಿಲ್ಲ. ಆ ಮದುವೆಯ ಕೊನೆಯ ಸಿನಿಮಾ ಉಳಿದಿತ್ತು. ಅದನ್ನೇ ಹಾಕಿದೆ. ಮದುಮಗನ ಕುದುರೆಯಾಯಿತು, ಅಕ್ಷತೆಯಾಯಿತು, ಊಟದ ಪಂಕ್ತಿಗೆ ಮುಂಚೆ ಎರಡು ಕೈ ಬಂದವು. ಹಚ್ಚೆಯ ಮುಂಗೈ, ಹಸಿರು ಬಳೆ, ಸೊಟ್ಟಗಿನ ಕಿರುಬೆರಳು. ಹಿಟ್ಟಿನ ಮೇಲೆ ಬಡಿಯುತ್ತಾ ರೊಟ್ಟಿಯನ್ನು ತಿರುಗಿಸುತ್ತಿದ್ದವು. ಆ ಬಡಿತದ ಸದ್ದಿನ ಮೇಲೆ ನಾನು ಯಾವುದೋ ಹಾಡು ಹಾಕಿದ್ದೆ.

ಮುಖ ಹುಡುಕುವ ನನ್ನ ಯಂತ್ರಕ್ಕೆ ಆ ಕೈ ಯಾರದೆಂದು ತಿಳಿದಿರಲಿಲ್ಲ. ಮಗಳಿಗೆ ನೋಡಿದ ಕೂಡಲೇ ತಿಳಿಯಿತು. ನಮ್ಮವ್ವ ನಮ್ಮವ್ವ ಎಂದು ಪರದೆಗೆ ಕೈ ತಾಗಿಸಿದರು. ಮತ್ತೊಮ್ಮೆ ಹಾಕಿಸಿದರು, ಮಗದೊಮ್ಮೆ ಹಾಕಿಸಿದರು. ಅವರ ಸಂತೋಷ ನೋಡಿ ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಕೊನೆಗೆ ನನ್ನ ಕಡೆ ತಿರುಗಿ ಕೇಳಿದರು.

“ಇದರ ಮುಂದ ಮಾರಿ ಬರ್ತದೇನ್ರಿ, ಅಣ್ಣಾರ?”

ಇಲ್ಲ, ಮುಖ ಬರುವುದಿಲ್ಲ ಎನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅಂದಿದ್ದರೆ ಅವರು ನಂಬುತ್ತಿದ್ದರು, ಮತ್ತೆ ಕೈ ಮುಗಿಯುತ್ತಿದ್ದರು. ಅದನ್ನು ಇನ್ನೊಮ್ಮೆ ತಡೆದುಕೊಳ್ಳುವ ಶಕ್ತಿ ನನಗಿರಲಿಲ್ಲ.

“ಬರ್ತಿತ್ತು ಅಕ್ಕೋರ,” ಎಂದೆ. “ನಾನ ಕಸ ಅಂತ ಅಳಿಸಿಬಿಟ್ಟೀನಿ. ಡಿಸ್ಕ್ ಕೆಟ್ಟದ ಅಂದದ್ದು ಸುಳ್ಳು.”

ಬೈಯಲಿ ಎಂದು ಕಾದೆ. ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಎದ್ದು ಹೋಗುತ್ತಾರೆ ಎಂದುಕೊಂಡರೆ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು.

“ನೀವರ ನೋಡೀರಲ್ರಿ. ನಗಾಕತ್ತಿದ್ಳೇನು?”

“ಹೂಂ ರೀ. ಸೆರಗು ಬಾಯಿಗಿ ಹಿಡಕೊಂಡು ನಕ್ರು. ನನ್ನ ಕಡಿ ನೋಡಿ ಏನೋ ಅಂದ್ರು, ಬಾಜೂ ಕುಂತವರೆಲ್ಲ ನಕ್ಕಬಿಟ್ರು.”

ಅವರ ಮುಖ ಅರಳಿತು. “ಏನಂದ್ಳ್ರಿ?”

ಆ ಮಾತು ನಾನು ಅಳಿಸಿದ್ದರಲ್ಲಿತ್ತು. ಹಾಡಿಲ್ಲದ, ಕತ್ತರಿಸದ ಆ ತುಣುಕಿನಲ್ಲಿ, ಅವಳದೇ ದನಿಯಲ್ಲಿ. ನಾನು ಒಲೆಯ ಹೊಗೆ ನೆನೆಸಿಕೊಂಡೆ, ಬಳೆ ನೆನೆಸಿಕೊಂಡೆ, ಆ ನಗುವನ್ನು ಮತ್ತೆ ಮತ್ತೆ ನೆನೆಸಿಕೊಂಡೆ. ಆ ಮಾತು ಮಾತ್ರ ನೆನಪಿಗೆ ಬರಲಿಲ್ಲ. ಏನಾದರೊಂದು ಹುಟ್ಟಿಸಿ ಹೇಳಬಹುದಿತ್ತು. ತಾಯಿಯ ಮಾತಿಗೆಂದು ಬಗ್ಗಿ ಕೂತ ಆ ಮಗಳಿಗೆ ನನ್ನ ಮಾತು ಹೇಗೆ ಕೊಡಲಿ?

“ನೆನಪಿಲ್ರಿ ಅಕ್ಕೋರ,” ಎಂದೆ.

“ಸಾವಕಾಶ ನೆನಸಿಕೊಳ್ರಿ,” ಎಂದರು. “ನಾ ಕುಂತಿರ್ತೀನಿ.”