ಬ್ಲೇಡ್ ಎತ್ತುವ ಜಾಗ

ಕರ್‌ರ್ ಎಂದಿತು. ಬ್ಲೇಡ್ ಕೆಸರನ್ನು ದಾಟಿ ಜಲ್ಲಿಗೆ ತಾಗಿದ ಸದ್ದು. ಅಂಬಾರಾಯನ ಕೈ ಆಗಲೇ ಲಿವರಿನ ಮೇಲಿತ್ತು. ಬ್ಲೇಡ್ ಒಂದು ಬೆರಳಷ್ಟು ಮೇಲೆದ್ದಿತು, ಸದ್ದು ಮೆತ್ತಗಾಯಿತು. ಬ್ಲೇಡ್ ಟ್ರ್ಯಾಕ್ಟರಿನ ಹಿಂದೆ ಇರುವುದರಿಂದ ಮುಂದಕ್ಕೆ ಹೋಗುತ್ತಲೇ ಹಿಂದೆ ನೋಡಬೇಕು. ವರ್ಷಗಟ್ಟಲೆ ಹೀಗೆ ತಿರುಗಿ ಕೂತು ಅವನ ಕತ್ತು ನೆಟ್ಟಗೆ ನಿಲ್ಲುವುದನ್ನೇ ಮರೆತಿದೆ.

ಭಿವಂಡಿಯ ಹೊರಗಿನ ಈ ಗೋದಾಮಿನ ದಾರಿಗೆ ಡಾಂಬರಿಲ್ಲ. ಹೆದ್ದಾರಿಯಿಂದ ಗೇಟಿನವರೆಗೆ ಜಲ್ಲಿ ಸುರಿದ, ಏರುತಗ್ಗಿನ ಹಾದಿ. ಎರಡೂ ಬದಿಗೆ ನೀಲಿ ತಗಡಿನ ಬೇಲಿ. ಹಿಂದಿನ ಗುಡ್ಡವನ್ನು ಮಣ್ಣಿಗಾಗಿ ಕಡಿದ ಮೇಲೆ ದೊಡ್ಡ ಮಳೆ ಬಂದಾಗಲೆಲ್ಲ ಕೆಂಪು ರಾಡಿ ಇಳಿದು ದಾರಿಯನ್ನು ಮುಚ್ಚುತ್ತದೆ. ಅದನ್ನು ಹೆರೆದು ಬದಿಗೆ ಸರಿಸುವುದು ಅಂಬಾರಾಯನ ಮಳೆಗಾಲದ ಕೆಲಸ. ಬ್ಲೇಡ್ ಹೆಚ್ಚು ಇಳಿಸಿದರೆ ರಾಡಿಯ ಜೊತೆ ಜಲ್ಲಿಯೂ ಹೋಗುತ್ತದೆ; ಎತ್ತಿ ಹಿಡಿದರೆ ರಾಡಿ ಉಳಿದು ಲಾರಿಯ ಗಾಲಿ ಹೂತುಕೊಳ್ಳುತ್ತದೆ. ಇವೆರಡರ ನಡುವೆ ಅವನ ಕೈ ಒಂದು ಗಳಿಗೆಯೂ ಸುಮ್ಮನಿರುವಂತಿಲ್ಲ.

ಸುಮ್ಮನಿರುವುದು ಅವನಿಗೆ ಬರುವುದೂ ಇಲ್ಲ. ಆಳಂದದ ಕಡೆಯಿಂದ ಬಂದ ಹೊಸದರಲ್ಲಿ ಐರೋಲಿಯ ಕಟ್ಟಡಗಳಿಗೆ ಸಿಮೆಂಟ್ ಚೀಲ ಹೊತ್ತ. ಬೆನ್ನು ಸೋತಾಗ ನೀರಿನ ಟ್ಯಾಂಕರ್ ಎಳೆಯುವ ಟ್ರ್ಯಾಕ್ಟರ್ ಹತ್ತಿದ. ಇನ್ನೂ ಜನ ಬಾರದ ಫ್ಲ್ಯಾಟುಗಳ ಗೋಡೆ ತೋಯಿಸಲು ಊರೆಲ್ಲ ನೀರು ಹಂಚಿದ. ಇಲ್ಲಿಗೆ ಬಂದು ತಗಡಿನ ಮನೆ ಹಾಕಿದ ಮೇಲೂ ಊಟಕ್ಕೆ ಕೂತಾಗ ಅವನ ಒಂದು ಕಾಲು ಅಲ್ಲಾಡುತ್ತಲೇ ಇರುತ್ತದೆ. ಹೆಂಡತಿ ಚಂದ್ರಬಾಯಿ ಅವನ ಮೊಣಕಾಲನ್ನು ಅಂಗೈಯಿಂದ ಒತ್ತಿ ಹಿಡಿಯುತ್ತಾಳೆ.

“ನಿಮ್ಮ ಕಾಲು, ನಿಮ್ಮ ಟ್ರ್ಯಾಕ್ಟರು ಎರಡೂ ಒಂದೇ ನೋಡ್ರಿ. ಬಂದ್ ಮಾಡಿದ್ರೂ ನಡಗ್ತಾವ.”

ಆ ತಗಡಿನ ಮನೆಗಳು ದಾರಿಯ ಈ ಬದಿಗೆ. ನೀರು ಆ ಬದಿಗೆ, ಊರಿನ ಒಬ್ಬ ಮುದುಕಿಯ ಬೋರ್‌ವೆಲ್ಲಿನಲ್ಲಿ. ತನ್ನ ನೀರು ಕೊಡಲು ಅವಳದೇನೂ ತಕರಾರಿರಲಿಲ್ಲ, ಆದರೆ ನಡುವೆ ಲಾರಿಗಳ ದಾರಿ. ಒಂದು ಬೇಸಿಗೆಯಲ್ಲಿ ಪಕ್ಕದ ಮನೆಯ ದಾನಮ್ಮ ಕೊಡ ಹೊತ್ತು ದಾಟುವಾಗ ಲಾರಿಯ ಕನ್ನಡಿ ಕೊಡಕ್ಕೆ ಬಡಿಯಿತು. ಕೊಡ ನಜ್ಜುಗುಜ್ಜಾಯಿತು. ದಾನಮ್ಮನಿಗೇನೂ ಆಗಲಿಲ್ಲ. ಅವಳು ಬರಿಯ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ದಾರಿಯ ನಡುವೆ ನಿಂತದ್ದನ್ನು ಅಂಬಾರಾಯ ಕಂಡ. ಮುಂದಿನ ಭಾನುವಾರ ಗೇಟು ಮುಚ್ಚಿದ್ದಾಗ ಅವನೂ ದಾನಮ್ಮನ ಗಂಡ ಸುನಿಲನೂ ಹಾರೆ ಹಿಡಿದು ಜಲ್ಲಿಯ ಕೆಳಗೆ ಕರಿ ಪೈಪು ಹಾಯಿಸಿದರು. ಒಂದು ಗೇಣು ಅಗೆದರೆ ಬಂಡೆ. ಅಷ್ಟಕ್ಕೇ ತೃಪ್ತಿಪಟ್ಟು ಮುಚ್ಚಿದರು. ಕಂಪನಿಯವರನ್ನು ಕೇಳಲಿಲ್ಲ. ಕೇಳಿದ್ದರೆ ಬೇಡ ಅನ್ನುತ್ತಿದ್ದರು.

ಪೈಪಿನ ಗುರುತು ತಪ್ಪಬಾರದೆಂದು ಅದರ ನೇರಕ್ಕೆ ದಾರಿಯ ಅಂಚಿನಲ್ಲಿ ಒಂದು ಗುಂಡುಕಲ್ಲು ಇಟ್ಟು ಕೇಸರಿ ಬಳಿದರು. ದೇವರೆಂದರೆ ಯಾರೂ ಕೀಳುವುದಿಲ್ಲ, ಅಗೆಯುವುದಿಲ್ಲ. ಆ ಸಂಜೆ ಇಬ್ಬರೂ ತಮ್ಮ ಜಾಣತನಕ್ಕೆ ನಕ್ಕರು. ಆದರೆ ವಾರದೊಳಗೆ ಲಾರಿ ಡ್ರೈವರುಗಳು ಊದುಬತ್ತಿ ಹಚ್ಚತೊಡಗಿದರು. ಮೊದಮೊದಲು ನಕ್ಕಿದ್ದ ಚಂದ್ರಬಾಯಿ, ಮಗಳು ನಾಗವೇಣಿಯ ಬಾಣಂತನ ಸುಸೂತ್ರವಾದ ಮೇಲೆ, ಕಲ್ಲಿಗೆ ಅರಿಸಿನದ ಭಂಡಾರ ಹಚ್ಚಿ ದಾರಿಯವ್ವ ಎಂದು ಕರೆದಳು. ಕಲ್ಲು ಬಂದಾಗ ಬ್ಲೇಡ್ ಎತ್ತುವುದು, ದಾಟಿದ ಮೇಲೆ ಇಳಿಸುವುದು, ಅಷ್ಟು ಸಾಕಿತ್ತು ಅಂಬಾರಾಯನಿಗೆ. ಅಲ್ಲಿ ಹೆರೆಯದೆ ಬಿಟ್ಟ ಮಣ್ಣು ಗಟ್ಟಿಯಾಗಿ ದಾರಿಗೆ ಅಡ್ಡಲಾಗಿ ಒಂದು ಉಬ್ಬು ಎದ್ದಿತು.

ಉಬ್ಬಿನ ಬಗ್ಗೆ ಮೊದಲು ಕೇಳಿದವನು ಹೃಷೀಕೇಶ. ಉಡುಪಿ ಕಡೆಯವನು, ಡೊಂಬಿವಲಿಯಲ್ಲಿ ಮನೆ, ಗೋದಾಮಿನ ಮ್ಯಾನೇಜರ್. ದೇವರ ಮುಂದೆ ಬ್ಲೇಡ್ ಹಾಕಬಾರದು ಎಂದು ಅಂಬಾರಾಯ ಹೇಳಿದಾಗ ಅವನು ಕಲ್ಲನ್ನೊಮ್ಮೆ ನೋಡಿ ಚಪ್ಪಲಿ ಕಳಚಿದ. ತಮ್ಮ ಊರಲ್ಲೂ ಹೀಗೇ, ಗದ್ದೆಯ ಮೂಲೆಯ ಕಲ್ಲನ್ನು ಯಾರೂ ಮುಟ್ಟುವುದಿಲ್ಲ ಎಂದ. ಅವನು ಕೈಮುಗಿಯುತ್ತಿದ್ದಾಗ ಅಂಬಾರಾಯನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಡೀಸೆಲ್ ನೋಡುವ ನೆಪದಲ್ಲಿ ಟ್ರ್ಯಾಕ್ಟರಿನ ಸುತ್ತ ಒಂದು ಸುತ್ತು ಬಂದ.

ಈ ದಿನ ಬೆಳಿಗ್ಗೆ ಹೃಷೀಕೇಶನ ಫೋನು ಬಂತು. ದೊಡ್ಡದೊಂದು ಮಶೀನು ಹೊತ್ತ ಟ್ರೇಲರ್ ಕಲ್ಯಾಣ ದಾಟಿದೆ. ಅದರ ಹೊಟ್ಟೆ ನೆಲಕ್ಕೆ ಹತ್ತಿರ. ರಾಡಿ ಪೂರಾ ಹೋಗಬೇಕು. ರಾತ್ರಿಯ ಮಳೆಗೆ ದಾರಿಯೆಲ್ಲ ಒಂದೇ ಬಣ್ಣವಾಗಿತ್ತು, ಉಬ್ಬು ಕೂಡ ರಾಡಿಯಲ್ಲಿ ಮುಳುಗಿತ್ತು. ಅಂಬಾರಾಯ ಚಹಾ ಅರ್ಧಕ್ಕೆ ಬಿಟ್ಟು ಎದ್ದ. ಚಂದ್ರಬಾಯಿ ಒಳಗಿನಿಂದ ಏನೋ ಹೇಳುತ್ತಿದ್ದಳು. ಬಂದು ಕೇಳ್ತೀನಿ ಎಂದು ಹೊರಟುಬಿಟ್ಟ.

ಗೇಟಿನಿಂದ ಹೊರಟು ಹೆರೆಯುತ್ತ ಬಂದ. ಕೇಸರಿ ಕಲ್ಲು ಕಂಡಿತು. ಬ್ಲೇಡ್ ಎತ್ತಿದ, ದಾಟಿದ, ಇಳಿಸಿದ. ಟ್ರೇಲರಿನ ಹೊಟ್ಟೆಗೆ ತಾಗದಿರಲೆಂದು ಎಂದಿಗಿಂತ ಸ್ವಲ್ಪ ಹೆಚ್ಚೇ ಇಳಿಸಿದ. ಕರ್‌ರ್ ಎಂಬ ಸದ್ದಿಗೆ ಕಿವಿ ಕೊಟ್ಟು ಕಾಯುತ್ತಿದ್ದಾಗ ಅವನು ಎಂದೂ ಕೇಳದ ಸದ್ದು ಬಂತು. ಸೀರೆ ಹರಿದ ಹಾಗೆ. ಬ್ಲೇಡಿನ ತುದಿಗೆ ಸಿಕ್ಕಿದ ಕರಿ ಪೈಪು ಕೆಸರಿನಿಂದ ಮೇಲೆದ್ದು ಬಂತು, ಹಿಂದೆಯೇ ನೀರು ಚಿಮ್ಮಿತು. ರಾಡಿಯ ನಡುವೆ ಅಷ್ಟು ಸ್ವಚ್ಛ ನೀರು.

ಅವನು ಕಲ್ಲಿನತ್ತ ತಿರುಗಿದ. ಕಲ್ಲು ಇರಬೇಕಾದಲ್ಲಿ ಇರಲಿಲ್ಲ; ನಾಲ್ಕು ಹೆಜ್ಜೆ ಹಿಂದೆ, ಗೇಟಿನ ಕಡೆಗೆ ಇತ್ತು, ಒಂದು ಸಿಮೆಂಟ್ ಇಟ್ಟಿಗೆಯ ಮೇಲೆ, ತೊಳೆದು ಹೂವಿಟ್ಟುಕೊಂಡು.

ಚಂದ್ರಬಾಯಿ ಕೊಡ ಹಿಡಿದು ಓಡಿ ಬಂದಳು, ಅವಳ ಹಿಂದೆ ದಾನಮ್ಮ. ಚಂದ್ರಬಾಯಿ ಬಂದವಳೇ ಚಿಮ್ಮುವ ನೀರಿಗೆ ಕೊಡ ಒಡ್ಡಿದಳು. ಅಂಬಾರಾಯ ಕೇಳುವ ಮೊದಲೇ ಹೇಳಿದಳು:

“ದಾರಿಯವ್ವ ಕುತ್ತಿಗಿತನಾ ರಾಡಿಯೊಳಗ ಕುಂತಿದ್ದಳ್ರಿ. ನೋಡಲಾಕ ಆಗಲಿಲ್ಲ. ಎತ್ತಿ ಆ ಕಡಿ ಎತ್ತರಕ್ಕ ಇಟ್ಟೆ. ಹೇಳಬೇಕಂತ ಕೂಗಿದೆ, ನೀವು ನಿಂತ್ರ ತಾನ?”

ಅಷ್ಟರಲ್ಲಿ ಹೃಷೀಕೇಶ ಕೊಡೆ ಹಿಡಿದು ಬಂದ. ಪೈಪು ಯಾರದೆಂದು ಕೇಳಿದ. ಕಂಪನಿಯ ನಕ್ಷೆಯಲ್ಲಿ ಇಲ್ಲಿ ಪೈಪೇ ಇಲ್ಲ ಎಂದ. ಅಂಬಾರಾಯನ ಬಾಯಿಗೆ ಎರಡು ಮೂರು ಸುಳ್ಳು ಬಂದವು. ಆದರೆ ಎದುರಿಗೆ ಇಬ್ಬರು ಹೆಂಗಸರು ಕೊಡ ತುಂಬಿಕೊಳ್ಳುತ್ತಿದ್ದರು.

“ನಮ್ಮದ್ರಿ ಸಾಹೇಬ್ರ. ಕಲ್ಲೂ ಪೈಪಿನ ಗುರುತಿಗಿ ನಾವೇ ಇಟ್ಟಿದ್ದು.”

ಹೃಷೀಕೇಶನ ಮುಖ ಕೆಂಪಾಯಿತು. “ನಾನು ಇಷ್ಟು ದಿನ ಕೈ ಮುಗಿದದ್ದು ಪೈಪಿಗಾ ಮಾರಾಯ್ರೆ?”

“ಅವರಿಗಿ ಅದು ಪೈಪಿನ ಕಲ್ಲು,” ಎಂದಳು ಚಂದ್ರಬಾಯಿ, ಕೊಡದಿಂದ ತಲೆ ಎತ್ತದೆ. “ನಂಗಲ್ಲ.”

ಹೃಷೀಕೇಶ ಹೆದ್ದಾರಿಯ ಕಡೆ ನೋಡಿದ. ಆಮೇಲೆ ತಗ್ಗಿದ ದನಿಯಲ್ಲಿ ತನ್ನ ಕಷ್ಟ ಹೇಳಿದ. ಟ್ರೇಲರ್ ಇನ್ನೇನು ಬಂತು. ಈಗ ಪೈಪಿನ ಮೇಲೆ ಮಣ್ಣು ಎಳೆದುಬಿಡಿ, ಗಾಡಿ ಒಳಗೆ ಹೋಗಲಿ, ಆಮೇಲೆ ಆಫೀಸಿನವರನ್ನು ಕೇಳಿ ನೋಡುವ ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಅಂಬಾರಾಯನಿಗೆ ಅದು ಗೊತ್ತಾಗುತ್ತಿತ್ತು. ಆ ಟ್ರೇಲರಿನ ಗಾಲಿ ಹಾದರೆ ಉಳಿದ ಪೈಪೂ ಬಂಡೆಗೆ ಅರೆದು ಹೋಗುತ್ತದೆ, ಆಫೀಸಿನಿಂದ ಉತ್ತರ ಎಂದೂ ಬರುವುದಿಲ್ಲ ಎಂಬುದೂ ಗೊತ್ತಿತ್ತು. ದಾನಮ್ಮ ಮತ್ತೆ ಕೊಡ ಹೊತ್ತು ಈ ದಾರಿ ದಾಟುತ್ತಾಳೆ, ಚಂದ್ರಬಾಯಿಯೂ.

ಹೆದ್ದಾರಿಯ ಕಡೆಯಿಂದ ಹಾರ್ನ್ ಕೇಳಿತು.

ಅಂಬಾರಾಯ ಟ್ರ್ಯಾಕ್ಟರ್ ಹತ್ತಿ ಹಿಂದೆ ಮುಂದೆ ಮಾಡಿ, ಕಿತ್ತ ಪೈಪಿನ ಮುಂದೆ ದಾರಿಗೆ ಅಡ್ಡ ನಿಲ್ಲಿಸಿದ. ಬ್ಲೇಡನ್ನು ನೆಲಕ್ಕೆ ಇಳಿಸಿದ. ಎಂಜಿನ್ ಆರಿಸಿ ಕೀಲಿ ಜೇಬಿಗೆ ಹಾಕಿಕೊಂಡು ಕೆಳಗಿಳಿದ.

“ಎಂತ ಮಾಡ್ತಿದ್ದೀರಿ ಅಂಬಾರಾಯರೇ?”

“ಹೈವೇ ನಾಕಾದಾಗ ಅಂಗಡಿ ಅದಾ ಸಾಹೇಬ್ರ. ಪೈಪು ಕೂಡಿಸೋ ಜೋಡು ತರ್ತೀನಿ, ಮ್ಯಾಲ ಹಾಕಲಾಕ ಕಬ್ಬಿಣದ ಪೈಪೂ. ಈ ಸಲ ಕಾಣಂಗೇ ಹಾಕ್ತೀವಿ.”

“ಅಲ್ಲಿಯವರೆಗೆ ಟ್ರೇಲರ್ ನಿಲ್ಲಬೇಕಾ? ನಿಮ್ಮ ಕೆಲಸ ಹೋಗ್ತದೆ ಮಾರಾಯ್ರೆ. ನನ್ನ ಮಾತು ಕೇಳಿ, ನಾನು ಆಫೀಸಿಗೆ ಎಂತ ಹೇಳ್ಲಿ? ಒಂದು ನಿಮಿಷ ನಿಲ್ಲಿ, ನಾನು ಹೇಳುವುದು ಏನಂದ್ರೆ...”

ಅಂಬಾರಾಯ ಆಗಲೇ ನಡೆಯುತ್ತಿದ್ದ. ರಾಡಿಯಲ್ಲಿ ಪಚಕ್ ಪಚಕ್ ಎಂದು ಕಾಲೆತ್ತಿಡುತ್ತ, ಜೇಬಿನ ಮೇಲೆ ಕೈಯಿಟ್ಟುಕೊಂಡು, ಹಿಂದೆ ತಿರುಗದೆ, ಹಾರ್ನ್ ಬರುತ್ತಿದ್ದ ಕಡೆಗೆ.