ನಡುಹೊಳೆಯಲ್ಲಿ ನಿಂತ ಮದುಮಗಳು

ಮಂಕಿಯ ಹೊನ್ನಮ್ಮನ ಮನೆ ಜಗಲಿಯಲ್ಲಿ ಮಾಲತಿ ಎರಡೂ ಕೈಗಳನ್ನು ತೊಡೆಯಡಿ ಒತ್ತಿಟ್ಟುಕೊಂಡು ಕೂತಿದ್ದಾರೆ. ಕಿವಿಗೆ ಹೆಡ್‌ಫೋನ್, ಮುಂದೆ ಮಡಚಿದ ಗೋಣಿಚೀಲದ ಮೇಲೆ ರೆಕಾರ್ಡರ್. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹೆದ್ದಾರಿಯಲ್ಲಿ ಲಾರಿಗಳ ಸದ್ದು ಕಡಿಮೆ, ಮೀನಿನ ಗಾಡಿಯ ಹಾರ್ನ್ ಶುರುವಾಗಿಲ್ಲ. ಹಾಡನ್ನು ರೆಕಾರ್ಡಿಗೆ ಹಿಡಿಯುವವರಿಗೆ ಈ ಕರಾವಳಿಯಲ್ಲಿ ಈಗ ಉಳಿದಿರುವುದು ಇಷ್ಟೇ ಹೊತ್ತು. ಕಾಲಿಗೆ ಸೊಳ್ಳೆ ಕಚ್ಚುತ್ತಿದೆ, ಮಾಲತಿ ಅಲ್ಲಾಡುವುದಿಲ್ಲ. ಇವತ್ತು ಕೈ ಮೇಲೆದ್ದರೆ ಎಲ್ಲ ಕೆಟ್ಟಿತು.

ಎದುರಿಗೆ ಗೋಡೆಗೆ ಒರಗಿ ಹಾಡುತ್ತಿರುವ ಹೊನ್ನಮ್ಮ, ಪಕ್ಕದಲ್ಲಿ ಅವರ ಹಿಂದೆಯೇ ಸಾಲನ್ನು ಮರಳಿ ಹಾಡಿ ಸೊಲ್ಲು ಹಿಡಿಯುವ ಸೊಸೆ ಕಮಲಿ. ಹೊನ್ನಮ್ಮನ ಗಂಟಲಲ್ಲಿ ಗಡ್ಡೆ ಬೆಳೆದಿದೆ. ಬೆಳಗಾಗುತ್ತಲೇ ಮಗ ಮಾದೇವ ಕಾರು ತರುತ್ತಾನೆ, ತಾಯಿಯನ್ನು ಆಪರೇಷನ್ನಿಗೆ ಕರೆದೊಯ್ಯುತ್ತಾನೆ. ಆಮೇಲೆ ಧ್ವನಿ ಉಳಿಯುತ್ತದೆಂದು ಡಾಕ್ಟರು ಮಾತು ಕೊಟ್ಟಿಲ್ಲ. ಹೊಳೆ ದಾಟುವ ಮದುಮಗಳ ಪದ ಎಂಬ ಮದುವೆಹಾಡು ಪೂರ್ತಿ ಬರುವುದು ಈಗ ಈ ಗಂಟಲೊಂದಕ್ಕೇ.

ಹೊನ್ನಾವರದ ಪೇಟೆಯಲ್ಲಿ 'ಅಳಿವೆ ಧ್ವನಿ' ಎಂಬ ಕ್ಯಾಸೆಟ್ ಕಂಪನಿಯ ಬೋರ್ಡು ನೋಡಿದವರಿದ್ದೀರಿ. ಭಟ್ಕಳದಿಂದ ಕುಮಟಾದವರೆಗೆ ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲಿ ಒಂದು ಕಾಲಕ್ಕೆ ಅದರ ಕ್ಯಾಸೆಟ್ಟುಗಳದ್ದೇ ಕಾರುಬಾರು. ಅದನ್ನು ಕಟ್ಟಿದವರು ಮಾಲತಿಯ ಗಂಡ ರಮಾನಂದ. ಅವರು ಎದೆನೋವಿನಲ್ಲಿ ತೀರಿಕೊಂಡಾಗ ಬಂದವರೆಲ್ಲ ಹೇಳಿದ್ದು ಒಂದೇ: ಬಾಗಿಲು ಹಾಕು. ಮೊಬೈಲ್ ಅಂಗಡಿಯವನೊಬ್ಬ ವೈಕುಂಠ ಸಮಾರಾಧನೆಯ ಊಟಕ್ಕೆ ಬಂದವನು ರೆಕಾರ್ಡಿಂಗ್ ಕೋಣೆಯ ಅಳತೆ ನೋಡಿಕೊಂಡೇ ಹೋದ. ಅಂಥವರಿಗೆ ಪಾಯಸ ಬಡಿಸಿದ್ದೇ ಹೆಚ್ಚು.

ಮಾಲತಿ ಬಾಗಿಲು ಹಾಕಲಿಲ್ಲ. "ನನಗೆಂತ ಗೊತ್ತಿತ್ತು? ಇವ್ರು ಹಾಡು ಹಿಡೂವಾಗ ಚಾ ಕೊಡೂದು, ಕೋಳಿ ಓಡ್ಸೂದು, ಇಷ್ಟೇ ನನ್ನ ಕೆಲ್ಸ" ಎನ್ನುತ್ತಾರೆ. ಹೆಡ್‌ಫೋನ್ ಹಾಕುವುದು, ಗಾಳಿಯ ಗೊರಗೊರ ತೆಗೆಯುವುದು, ಹಾಡನ್ನು ಇಂಟರ್ನೆಟ್ಟಿಗೆ ಏರಿಸುವುದು ಎಲ್ಲವನ್ನೂ ತಪ್ಪಿ ತಪ್ಪಿ ಕಲಿತರು. ಈಗ ಬೆಳಿಗ್ಗೆ ಊರೂರಿಗೆ ಹೋಗಿ ಹಾಡು ಹಿಡಿಯುತ್ತಾರೆ, ಮಧ್ಯಾಹ್ನ ಬೂಷ್ಟು ಹಿಡಿದ ಹಳೆಯ ಕ್ಯಾಸೆಟ್ಟುಗಳನ್ನು ಒರೆಸಿ ಕಂಪ್ಯೂಟರಿಗೆ ಇಳಿಸುತ್ತಾರೆ.

ಆ ಕ್ಯಾಸೆಟ್ಟುಗಳಲ್ಲಿ ಹೆಚ್ಚು ಓಡಿದ್ದು ಹೊನ್ನಮ್ಮನ ಈ ಪದವೇ. ಆದರೆ ಪದ ಉದ್ದ, ಕ್ಯಾಸೆಟ್ಟಿನ ಒಂದು ಮಗ್ಗುಲು ಅರ್ಧ ತಾಸು, ಇನ್ನೊಂದು ಮಗ್ಗುಲಿಗೆ ಬೇರೆ ಹಾಡು. ಟೇಪು ಮುಗಿಯುತ್ತ ಬಂದಾಗ ರಮಾನಂದ ಬಲಗೈ ಎತ್ತುತ್ತಿದ್ದರು. ಕೈ ಕಂಡದ್ದೇ ಹೊನ್ನಮ್ಮ ಮಂಗಳ ಹಾಡಿ ಮುಗಿಸಬೇಕು. ಹಾಗಾಗಿ ಮದುಮಗಳ ದೋಣಿ ಹೊಳೆಯ ನಡುವೆಯೇ ನಿಂತಿತು. ಊರ ಹುಡುಗಿಯರು ಕ್ಯಾಸೆಟ್ ಕೇಳಿಯೇ ಪದ ಕಲಿತರು. ಈಗ ಯಾವ ಮದುವೆಗೆ ಹೋದರೂ ಅಷ್ಟೇ ಹಾಡಿ ಮಂಗಳ ಹೇಳುತ್ತಾರೆ.

ಇದು ಮಾಲತಿಗೆ ತಿಳಿದದ್ದು ಕಾಸರಕೋಡದ ಒಂದು ಮದುವೆಯಲ್ಲಿ. ಹೆಂಗಸರು ಹಾಡು ಮುಗಿಸಿದಾಗ ಪಕ್ಕದಲ್ಲಿದ್ದ ಹೊನ್ನಮ್ಮ ಎಲೆಗೆ ಸುಣ್ಣ ಹಚ್ಚುತ್ತ ಅಂದರು: "ಕಂಡ್ಯಾ ತಂಗಿ, ನಿನ್ನ ಗಂಡ ಆ ಹುಡುಗೀನ ಹೊಳೆ ನಡೂಕೆ ಕೂರ್ಸಿಟ್ಟ. ಯಾರೂ ಇಳ್ಸೂದಿಲ್ಲ."

ಮಾಲತಿಗೆ ಆ ಮಾತು ಚುಚ್ಚಿತು. "ಇವ್ರದ್ದು ತಪ್ಪು ಅಂತ ನಾ ಹೇಳೂದಿಲ್ಲ. ಕ್ಯಾಸೆಟ್ ಇದ್ದದ್ದೇ ಅಷ್ಟು ಉದ್ದ. ಆದ್ರೆ ನಮ್ಮನೆ ಹೆಸ್ರು ಹಾಕಿ ನಾವೇ ತುಂಡು ಮಾಡ್ದ ಪದ ಅಲ್ವಾ? ನಾವೇ ಕೂಡ್ಸ್ಬೇಕು."

ಕೂಡಿಸಲು ನಿನ್ನೆ ಬೆಳಿಗ್ಗೆಯೇ ಬಂದಿದ್ದರು. ಹೊನ್ನಮ್ಮನ ಉಸಿರು ಚೆನ್ನಾಗಿತ್ತು, ಪದ ಹೊಳೆಯ ನಡುವಿಗೆ ಬಂತು. ಅಷ್ಟರಲ್ಲಿ ಹೆಡ್‌ಫೋನ್ ಜಾರಿತೆಂದು ಮಾಲತಿ ಬಲಗೈ ಎತ್ತಿದರು. ಹೊನ್ನಮ್ಮ ಮರುಸಾಲಿಗೇ ಮಂಗಳಕ್ಕೆ ಇಳಿದರು. "ಕೈ ಕಂಡ್ತು, ಮುಗ್ಸಿದೆ. ನಿನ್ನ ಗಂಡ ಕಲ್ಸಿದ್ದೇ ಹಾಂಗೆ!" ಮಂಗಳ ಹೇಳಿದ ಪದವನ್ನು ಅದೇ ದಿನ ಮತ್ತೆ ಎತ್ತುವುದಿಲ್ಲ, ತಾಯಿಯ ಕಾಲದಿಂದ ಬಂದ ಆ ಕಟ್ಟಳೆಯನ್ನು ಹೊನ್ನಮ್ಮ ಯಾರಿಗಾಗಿಯೂ ಮುರಿಯುವವರಲ್ಲ. ಮಾಲತಿ ರೆಕಾರ್ಡರ್ ಚೀಲಕ್ಕೆ ಹಾಕಿ ಬಸ್ಸಿನಲ್ಲಿ ಅತ್ತುಕೊಂಡೇ ಹೊನ್ನಾವರಕ್ಕೆ ಮರಳಿದರು. ಉಳಿದದ್ದು ಈ ಒಂದು ಬೆಳಗು.

ಪದದಲ್ಲಿ ದೋಣಿ ಈಗ ನಡುಹೊಳೆಗೆ ಬಂದಿದೆ. ಹೊನ್ನಮ್ಮನ ಕಣ್ಣು ಅಭ್ಯಾಸಬಲದಿಂದ ಮಾಲತಿಯ ಕಡೆ ಹೊರಳುತ್ತದೆ. ಕೈ ಕಾಣುವುದಿಲ್ಲ. ಒಂದು ಕ್ಷಣ ಧ್ವನಿ ತಡವರಿಸಿ, ಕೆಮ್ಮು ಬಂದು, ನಿಂತೇಹೋಯಿತು ಅನ್ನುವಾಗ ಕಮಲಿ ಹಿಂದಿನ ಸಾಲನ್ನೇ ಎತ್ತಿ ಹಿಡಿಯುತ್ತಾಳೆ. ಹೊನ್ನಮ್ಮ ಉಗುಳು ನುಂಗಿ ಮುಂದಕ್ಕೆ ಹೋಗುತ್ತಾರೆ, ಕ್ಯಾಸೆಟ್ಟು ಎಂದೂ ಕೇಳದ ಸಾಲಿಗೆ.

ಅದೇ ಹೊತ್ತಿಗೆ ಅಂಗಳಕ್ಕೆ ಕಾರಿನ ಬೆಳಕು ಬೀಳುತ್ತದೆ. ಮಾದೇವ ಇಳಿದು ಬಾಯಿ ತೆರೆಯುತ್ತಾನೆ. ಅವನನ್ನು ತಡೆಯಬೇಕು, ಆದರೆ ಕೈ ಎತ್ತುವಂತಿಲ್ಲ. ಮಾಲತಿ ಕಣ್ಣು ದೊಡ್ಡದು ಮಾಡಿ, ತುಟಿ ಕಚ್ಚಿ, ತಲೆಯನ್ನು ಬೇಡ ಬೇಡ ಎಂದು ಆಡಿಸುತ್ತಾರೆ. ಮಾದೇವ ಅರ್ಥವಾಗದೆ ನಿಲ್ಲುತ್ತಾನೆ. ಆಮೇಲೆ ತಾಯಿಯ ಮುಖ ನೋಡಿ ತಾನೇ ಹಿಂದೆ ಹೋಗಿ, ಡ್ರೈವರನಿಗೆ ಇಂಜಿನ್ ಆರಿಸಲು ಹೇಳಿ, ಗದ್ದೆಯಂಚಿನಲ್ಲಿ ಕುಕ್ಕುರುಗಾಲಲ್ಲಿ ಕೂರುತ್ತಾನೆ.

ದೋಣಿ ದಡಕ್ಕೆ ತಾಗುತ್ತದೆ. ಮದುಮಗಳ ಅತ್ತೆ ದೀಪ ಹಿಡಿದು ನೀರಿಗೇ ಇಳಿದು ಬಂದು ಸೊಸೆಯ ಕೈ ಹಿಡಿಯುತ್ತಾಳೆ. ಇಷ್ಟು ವರ್ಷ ಈ ಅತ್ತೆ ದೀಪ ಹಿಡಿದು ಕಾಯುತ್ತಲೇ ಇದ್ದಳು ಎಂದು ನೆನೆದು ಮಾಲತಿಯ ಕಣ್ಣು ತುಂಬುತ್ತದೆ. ಮಂಗಳ ಮುಗಿಯುತ್ತದೆ. ರೆಕಾರ್ಡರ್ ಆರಿಸಲು ಕೈ ತೆಗೆದರೆ ಬೆರಳು ಮಡಚಲು ಬರದಷ್ಟು ಜೋಮು.

ಹೊನ್ನಮ್ಮ ನೀರು ಕುಡಿದು, ಗಂಟಲು ಸವರಿಕೊಂಡು, ಮಾಲತಿಯನ್ನೇ ನೋಡುತ್ತಾರೆ. "ಇವತ್ತು ಎಂತಕೆ ಕೈ ಎತ್ತಿಲ್ಲ ತಂಗಿ?"

"ಅವ್ಳು ಇಳೀಲಿ ಅಂತ, ಅಮ್ಮ" ಎನ್ನುತ್ತಾರೆ ಮಾಲತಿ. "ಇವ್ರು ಕೂರ್ಸಿಟ್ಟ ಹುಡುಗೀನ ನಾ ಇಳ್ಸಿದೆ. ಆತು."