ಹಟ್ಟಾ ಬೆಟ್ಟದ ಮೇಕೆಮರಿ

ಕಳೆದ ವಾರ ಲಿಫ್ಟಿನ ಬಾಗಿಲು ತೆರೆದಾಗ ಒಳಗೆ ಮೇಕೆಯ ವಾಸನೆಯಿತ್ತು. ಮೇಕೆ ಇರಲಿಲ್ಲ. ಯಾರು ಏನನ್ನು ಸಾಗಿಸಿದ್ದರೋ... ವಾಚ್‌ಮನ್ ಗೊಣಗುತ್ತ ಸ್ಪ್ರೇ ಹೊಡೆಯುತ್ತಿದ್ದ. ನಾನು ಮೂಗು ಮುಚ್ಚಲಿಲ್ಲ. ಪಕ್ಕದ ಫ್ಲ್ಯಾಟಿನಲ್ಲಿದ್ದ ಟೀಚರ್ ನೆನಪಾದರು.

ಮಂಗಳೂರು ಕಡೆಯವರು. ಈ ಅರಬ್ ನಾಡಿನ ಇಂಡಿಯನ್ ಸ್ಕೂಲೊಂದರಲ್ಲಿ ಬಯಾಲಜಿ ಕಲಿಸುತ್ತಿದ್ದರು. ಮನೆಯಲ್ಲಿ ಕೊಂಕಣಿ, ನಮ್ಮೊಡನೆ ಕನ್ನಡ, ಪಾರ್ಕಿಂಗ್ ಜಗಳಕ್ಕೆ ಮಾತ್ರ ಅರೇಬಿಕ್.

ಆಗ ನಮ್ಮ ಮಗಳು ಕೆಜಿಗೆ ಸೇರಿದ ಹೊಸತು. ಸ್ಕೂಲ್ ಬಸ್ ಬಂದರೆ ನನ್ನ ಕಾಲಿಗೆ ಜೋತುಬಿದ್ದು ಅಳುತ್ತಿದ್ದಳು. ಹೆಂಡತಿಗೆ ಆಸ್ಪತ್ರೆಯ ಶಿಫ್ಟ್, ನನಗೆ ಜೆಬೆಲ್ ಅಲಿಯ ಆಫೀಸು. ಕೊನೆಗೆ, ಇಲ್ಲಿನ ಎಷ್ಟೋ ಮನೆಗಳವರಂತೆ ನಾವೂ ಮಗುವನ್ನು ಊರಿಗೆ ಕಳಿಸುವುದೆಂದು ಮಾತಾಡಿಕೊಂಡೆವು. ಮೈಸೂರಿನಲ್ಲಿ ನಮ್ಮತ್ತೆ ಒಪ್ಪಿದ್ದರು. ಟಿಕೆಟ್ ಮಾಡಿಸುವುದಷ್ಟೇ ಬಾಕಿ. ಆ ವಾರವೆಲ್ಲ ಹೆಂಡತಿ ಸರಿಯಾಗಿ ಊಟ ಮಾಡಲಿಲ್ಲ.

ಇದು ಟೀಚರ್‌ಗೆ ಗೊತ್ತಿತ್ತೋ ಇಲ್ಲವೋ, ಹೇಳಲಾರೆ. ರಜೆಯ ದಿನ ಬೆಳಗ್ಗೆ ಬಾಗಿಲು ಬಡಿದು, "ಯಲ್ಲಾ, ಹೊರಡಿ. ಹಟ್ಟಾಕ್ಕೆ ಹೋಗುವ, ಆಡು ನೋಡುವ," ಎಂದರು.

ಬೋಳು ಬೆಟ್ಟ, ನೀರಿಲ್ಲದ ಹಳ್ಳ. ಎದುರಿನ ಇಳಿಜಾರಿನಲ್ಲಿ ಮೇಕೆಗಳು. ಕಾಡಿನವೋ, ಯಾರಾದರೂ ಸಾಕಿ ಬಿಟ್ಟವೋ, ಟೀಚರ್‌ಗೂ ಖಚಿತವಿರಲಿಲ್ಲ.

"ಇದು ಹೆಂಗಸರು ಮಕ್ಕಳ ಗುಂಪು. ಮುಂದೆ ಹೋಗ್ತಾ ಉಂಟಲ್ಲ, ಆ ಮುದುಕಿ ಹೋದ ಕಡೆ ಎಲ್ಲರೂ."

"ಗಂಡು ಮೇಕೆಗಳು?"

"ಅವರದ್ದು ಬೇರೆ ಕ್ಯಾಂಪ್, ನಮ್ಮ ಸೋನಾಪುರದ ಲೇಬರ್ ಕ್ಯಾಂಪಿನವರ ಹಾಗೆ. ವರ್ಷಕ್ಕೊಮ್ಮೆ ಫ್ಯಾಮಿಲಿ ನೋಡ್ಲಿಕ್ಕೆ ಬರ್ತಾರೆ."

ನಗುತ್ತಿರುವಾಗಲೇ ಗುಂಪು ಮೇಲೇರಿ ಮರೆಯಾಯಿತು. ಬಂಡೆಯ ನೆರಳಿನಲ್ಲಿ ಒಂದು ಮರಿ ಮಾತ್ರ ಉಳಿದಿತ್ತು.

"ಅಯ್ಯೋ, ಬಿಟ್ಟುಹೋದವು ರೀ!" ಹೆಂಡತಿ ಎರಡೂ ಕೈ ಚಾಚಿಕೊಂಡು ಕಲ್ಲು ಹತ್ತತೊಡಗಿದಳು. ಹಿಂದೆ ನಾನು, ನೀರಿನ ಬಾಟಲಿ ಹಿಡಿದು.

"ಮುಟ್ಟಬೇಡಿ ಮಾರಾಯ್ರೆ!" ಕ್ಲಾಸಿನ ಕೊನೆಯ ಬೆಂಚಿಗೆ ಕೇಳಿಸುವ ದನಿ. "ಅದನ್ನು ಯಾರೂ ಬಿಟ್ಟುಹೋಗ್ಲಿಲ್ಲ. ಅಮ್ಮ ಮೇಯ್ಲಿಕ್ಕೆ ಹೋಗಿದ್ದಾಳೆ. ನೀವು ಎತ್ತಿಕೊಂಡು ಹೋದ್ರೆ ಆಗ ಅನಾಥ ಆಗ್ತದೆ."

ಹೆಂಡತಿ ನಿಂತಲ್ಲೇ ನಿಂತಳು. ಆ ಕೊನೆಯ ಮಾತು ಟೀಚರ್ ನಿಜಕ್ಕೂ ಆಡಿದ್ದೋ, ಆಮೇಲೆ ನಾನು ಸೇರಿಸಿಕೊಂಡದ್ದೋ... ಅವಳು ನಿಂತದ್ದು ಮಾತ್ರ ಕಣ್ಣಿಗೆ ಕಟ್ಟಿದಂತಿದೆ.

ಕಾರಿನ ಹಿಂದೆ ಕುಳಿತು ಕಾದೆವು. ಮರಿ ಕಿವಿ ಬಡಿಯಿತು, ಒಣ ಕಡ್ಡಿಯೊಂದನ್ನು ಮೂಸಿತು, ಮಲಗಿತು.

"ವೇರ್ ಈಸ್ ಹಿಸ್ ಮಮ್ಮಿ?" ಮಗಳು ಪಿಸುಗುಟ್ಟಿದಳು.

"ಡ್ಯೂಟಿಯಲ್ಲಿದ್ದಾಳೆ," ಎಂದರು ಟೀಚರ್.

ಮಗಳು ಅದನ್ನು ಗಂಭೀರವಾಗಿ ಒಪ್ಪಿಕೊಂಡಳು. ಬಿಸಿಲೇರಿತು. ತಾಯಿ ಬಾರದಿದ್ದರೆ ಎಂಬ ಹೆದರಿಕೆ ನನಗೇ ಹತ್ತಿತು. ಹೆಂಡತಿಯತ್ತ ನೋಡಲು ಧೈರ್ಯ ಬರಲಿಲ್ಲ. ಅಷ್ಟರಲ್ಲಿ ಮೇಲಿನಿಂದ ಒಂದು ಕೂಗು. ಮರಿ ಚಂಗನೆ ಎದ್ದಿತು. ಕಡಿದಾದ ಬಂಡೆಯಿಂದ ತಾಯಿ ಸಲೀಸಾಗಿ ಇಳಿದು ಬಂದು, ಅದರ ಬಾಲ ಮೂಸಿ, ಹಾಲೂಡಿಸುತ್ತ ನಿಂತಿತು. ಹೆಂಡತಿ ಅತ್ತಳು, ಹಿಂದೆಯೇ ನಕ್ಕಳು.

ವಾಪಸು ಬರುವಾಗ ಕಾರಿನಲ್ಲಿ ಅವಳೇ ಹೇಳಿದಳು: "ಟಿಕೆಟ್ ಬೇಡ. ಬೆಳಗ್ಗೆ ಅತ್ತರೆ ಅಳಲಿ. ಸಂಜೆ ನಾವು ಇರ್ತೀವಲ್ಲ." ಎಷ್ಟೋ ದಿನಗಳಿಂದ ಎದೆಯ ಮೇಲಿದ್ದ ಭಾರ ಇಳಿಯಿತು.

ಮರುದಿನವೇ ಮಗಳು ನಗುತ್ತ ಬಸ್ ಹತ್ತಿದಳೆಂದು ನಾನು ಹೇಳುತ್ತಿರುತ್ತೇನೆ. "ಸುಳ್ಳು, ಆಮೇಲೂ ತುಂಬ ದಿನ ಅತ್ತಳು," ಎನ್ನುತ್ತಾಳೆ ಹೆಂಡತಿ. ಅವಳದ್ದೇ ಸರಿಯಿರಬೇಕು.

ಟೀಚರ್ ನಿವೃತ್ತರಾದರು, ವೀಸಾ ಮುಗಿಯಿತು, ಊರಿಗೆ ಹೋದರು. ತೀರಿಹೋದ ಸುದ್ದಿ ವಾಟ್ಸ್ಯಾಪ್‌ನಲ್ಲಿ ಬಂತು. ನಮಗೆ ಹೋಗಲಾಗಲಿಲ್ಲ.

ಲಿಫ್ಟಿನಿಂದ ಬಂದವನು ಇದನ್ನೆಲ್ಲ ಮಗಳಿಗೆ ಹೇಳಿದೆ. ಅವಳೀಗ ಹತ್ತನೇ ಕ್ಲಾಸು. "ರಿಯಲಿ? ನನ್ನನ್ನ ಕಳಿಸ್ತಿದ್ರಾ?" ಎಂದಳು. ಮತ್ತೆ, "ಆ ಟೀಚರ್ ಮುಖಾನೇ ನೆನಪಿಲ್ಲ ಪಪ್ಪಾ," ಎಂದು ರೂಮಿಗೆ ಹೋದಳು. ಗೋಡೆಯಾಚೆ ಫೋನಿನಲ್ಲಿ ಯಾರೊಂದಿಗೋ ನಗುತ್ತಿದ್ದಳು. ನೆನಪಿಟ್ಟುಕೊಳ್ಳಲು ಅವಳಿಗೆ ಕಾರಣವಾದರೂ ಏನಿದೆ? ಅವಳು ಎಲ್ಲಿಗೂ ಹೋಗಲೇ ಇಲ್ಲ.